ಹನ್ನೆರಡು ಗಂಟೆ ನಾಲ್ಕು ನಿಮಿಷ

2022ರ ಮಾರ್ಚ್ ತಿಂಗಳ ಒಂದು ಗುರುವಾರ ಸಂಜೆ, ಎರಡು ವಾರದ ಸಂಬಳದ ಲೆಕ್ಕ ಮುಗಿಸುವ ಮುನ್ನ ಹಾಜರಿಯ ದಾಖಲೆಯನ್ನು ಸಾಲುಸಾಲಾಗಿ ನೋಡುತ್ತಿದ್ದಾಗ, ಕ್ಯಾಲಿಫೋರ್ನಿಯಾದ ತಮ್ಮ ಮನೆಯಿಂದಲೇ ನಮ್ಮ ಕಂಪನಿಗೆ ಕೆಲಸ ಮಾಡುವ ಮಹಿಳೆಯೊಬ್ಬರ ಸಾಲಿನ ಮೇಲೆ ನನ್ನ ಕಣ್ಣು ನಿಂತಿತು. ಬೆಳಿಗ್ಗೆ 7:00ಕ್ಕೆ ಕೆಲಸ ಶುರು, ಊಟಕ್ಕೆ ಎದ್ದದ್ದು 12:04ಕ್ಕೆ. ನಮ್ಮ ತಂತ್ರಾಂಶ ಎಲ್ಲ ವೇಳೆಯನ್ನೂ ಹತ್ತಿರದ ಕಾಲು ಗಂಟೆಗೆ ಸರಿಹೊಂದಿಸಿ ತೋರಿಸುತ್ತಿದ್ದುದರಿಂದ ಅದು ಪ್ರತಿಸಲವೂ 12:00 ಎಂದೇ ಕಾಣುತ್ತಿತ್ತು. ಅಂದು ಬೇರೆ ಯಾವುದೋ ಲೆಕ್ಕ ತಾಳೆಯಾಗದೆ ಮೂಲ ದಾಖಲೆಯನ್ನು ತೆರೆದಿದ್ದೆ, ಹಾಗಾಗಿ ಆ ನಾಲ್ಕು ನಿಮಿಷ ಕಣ್ಣಿಗೆ ಬಿತ್ತು.

ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಯುವ ಗಂಟೆ ಲೆಕ್ಕದ ನೌಕರರಿಗೆ, ಐದನೆಯ ಗಂಟೆ ಮುಗಿಯುವುದರೊಳಗೆ ಕನಿಷ್ಠ ಮೂವತ್ತು ನಿಮಿಷದ ಊಟದ ಬಿಡುವು ಸಿಗಬೇಕು. ಏಳಕ್ಕೆ ಕೂತವರು ಹನ್ನೆರಡರೊಳಗೆ ಏಳಬೇಕು. ಕೆಲಸದ ಒತ್ತಡದಿಂದ ಆ ಬಿಡುವು ತಪ್ಪಿದರೆ, ತಡವಾದರೆ ಅಥವಾ ಮೊಟಕಾದರೆ ಆ ದಿನಕ್ಕೆ ಒಂದು ಗಂಟೆಯ ಸಂಬಳವನ್ನು ಹೆಚ್ಚುವರಿಯಾಗಿ ಕೊಡಬೇಕು. ಊಟದ ಬಿಡುವಿನ ವೇಳೆಯನ್ನು ನಾವು ಮಾಡುತ್ತಿದ್ದಂತೆ ಹತ್ತಿರದ ಅಂಕಿಗೆ ತಳ್ಳಿ ಬರೆಯುವಂತಿಲ್ಲ ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲೇ ತೀರ್ಪು ಕೊಟ್ಟಿತ್ತು. ತೀರ್ಪು ಬಂದು ವರ್ಷ ಕಳೆದಿದ್ದರೂ ನಾನು ಅದನ್ನು ಓದಿರಲಿಲ್ಲ. ನನ್ನ ಕಚೇರಿ ಇರುವ ನ್ಯೂಜೆರ್ಸಿಯಲ್ಲಿ ವಯಸ್ಕ ನೌಕರರಿಗೆ ಊಟದ ಬಿಡುವು ಕೊಡಲೇಬೇಕೆಂಬ ಕಾನೂನೇ ಇಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಲ್ಲೂ ಇಲ್ಲ. ಇಲ್ಲದ ನಿಯಮವನ್ನು ಹುಡುಕಬೇಕೆಂದು ಯಾರಿಗೂ ತೋಚುವುದಿಲ್ಲ.

ಹಿಂದಿನ ಆರು ತಿಂಗಳ ದಾಖಲೆ ತೆಗೆದು ನೋಡಿದೆ. ಹನ್ನೆರಡು ದಾಟಿ ಎದ್ದ ದಿನಗಳು ಮೂವತ್ತೊಂದು ಸಿಕ್ಕವು. ಮರುದಿನ ಅವರಿಗೆ ಫೋನ್ ಮಾಡಿ, ಬಾಕಿ ಸಂಬಳ ಕೊಡುವುದಾಗಿ ತಿಳಿಸಿ, ಊಟಕ್ಕೆ ಯಾಕೆ ತಡವಾಗುತ್ತದೆ ಎಂದು ಕೇಳಿದೆ. ಅವರು ಸ್ವಲ್ಪ ಹಿಂಜರಿದು ಹೇಳಿದರು. ನಮ್ಮದು ವೈದ್ಯರ ಕ್ಲಿನಿಕ್‌ಗಳ ಪರವಾಗಿ ವಿಮಾ ಕಂಪನಿಗಳಿಗೆ ಬಿಲ್ ಕಳಿಸಿ ಹಣ ವಸೂಲು ಮಾಡುವ ಕೆಲಸ. ವಿಮೆಯವರು ತಿರಸ್ಕರಿಸಿದ ಕ್ಲೇಮುಗಳನ್ನು ಬೆನ್ನು ಹತ್ತುವುದು ಅವರ ಪಾಲಿಗೆ ಬಂದಿತ್ತು. ಫೋನ್ ಮಾಡಿದರೆ ನಲವತ್ತು ನಿಮಿಷ, ಕೆಲವೊಮ್ಮೆ ಒಂದು ಗಂಟೆ, ಸರದಿಯಲ್ಲಿ ಕಾಯಬೇಕು. ಹನ್ನೆರಡಾಯಿತೆಂದು ಫೋನ್ ಇಟ್ಟರೆ ಕಾದದ್ದೆಲ್ಲ ವ್ಯರ್ಥವಾಗಿ ಮತ್ತೆ ಸರದಿಯ ಕೊನೆಗೆ ಹೋಗಬೇಕು. "ಇಡುವುದಕ್ಕೆ ಮನಸ್ಸು ಬರುವುದಿಲ್ಲ. ಆ ಕಡೆ ಒಬ್ಬ ರೋಗಿಯ ಬಿಲ್ ಇರುತ್ತದಲ್ಲ" ಎಂದರು.

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಒಂದು ವೇಳೆ ನಾನು ಆ ತೀರ್ಪನ್ನು ಬಂದ ದಿನವೇ ಓದಿದ್ದೆನೆಂದಿಟ್ಟುಕೊಳ್ಳಿ. ಏನು ಮಾಡುತ್ತಿದ್ದೆ? ತಂತ್ರಾಂಶದ ಸರಿಹೊಂದಿಕೆಯನ್ನು ನಿಲ್ಲಿಸಿ, ಹನ್ನೆರಡರೊಳಗೆ ಎಲ್ಲರೂ ಊಟದ ಗುಂಡಿ ಒತ್ತತಕ್ಕದ್ದು ಎಂದು ಒಂದು ಇಮೇಲ್ ಕಳಿಸುತ್ತಿದ್ದೆ. ಅವರು ಹನ್ನೆರಡಕ್ಕೆ ಗುಂಡಿ ಒತ್ತಿ, ಫೋನನ್ನು ಕಿವಿಯಿಂದ ತೆಗೆಯದೆ, ಸಂಬಳವಿಲ್ಲದ ಸಮಯದಲ್ಲಿ ಕಾಯುತ್ತ ಕೂತಿರುತ್ತಿದ್ದರು. ದಾಖಲೆ ಶುದ್ಧವಾಗಿರುತ್ತಿತ್ತು, ತಪ್ಪು ಮೊದಲಿಗಿಂತ ದೊಡ್ಡದಾಗಿರುತ್ತಿತ್ತು. ನಾವು ಕೊನೆಗೆ ಮಾಡಿದ್ದು ಬೇರೆ. ಹನ್ನೊಂದೂಕಾಲಿನ ನಂತರ ಅವರು ಹೊಸ ಕರೆ ಹಿಡಿಯುವಂತಿಲ್ಲ; ಹಿಡಿದಿರುವ ಕರೆ ಮುಗಿಯದಿದ್ದರೆ ಹನ್ನೊಂದೂಮುಕ್ಕಾಲಿಗೆ ನ್ಯೂಜೆರ್ಸಿಯಲ್ಲಿರುವ ಇನ್ನೊಬ್ಬರು ಅದೇ ಲೈನಿಗೆ ಸೇರಿ ಮುಂದುವರಿಸಬೇಕು. ಇದಕ್ಕಾಗಿ ಫೋನ್ ವ್ಯವಸ್ಥೆಯನ್ನೇ ಬದಲಿಸಬೇಕಾಯಿತು.

ಅಲ್ಲಿಂದೀಚೆಗೆ ನನ್ನ ಅನುಭವ ಇದನ್ನೇ ಗಟ್ಟಿಮಾಡುತ್ತ ಬಂದಿದೆ: ರಾಜ್ಯಗಳ ಕಾನೂನು ಬದಲಾಗುವುದನ್ನು ಗಮನಿಸುವುದು ಉದ್ಯೋಗದಾತನ ಅರ್ಧ ಕೆಲಸ ಮಾತ್ರ. ತನ್ನ ಬಳಿ ದುಡಿಯುವವರು ಎಲ್ಲಿ ಕೂತಿದ್ದಾರೆ, ಅವರ ದಿನ ಹೇಗೆ ಸಾಗುತ್ತದೆ ಎಂಬುದು ಗೊತ್ತಿಲ್ಲದವನಿಗೆ ಕಾನೂನಿನ ಪುಸ್ತಕವನ್ನೇ ಬಾಯಿಪಾಠ ಮಾಡಿಸಿದರೂ ಪ್ರಯೋಜನವಿಲ್ಲ.

ನಾವು ಇಪ್ಪತ್ತಮೂರು ಜನ. 2020ರ ಮಾರ್ಚ್‌ವರೆಗೆ ಎಲ್ಲರೂ ಒಂದೇ ಕಟ್ಟಡದಲ್ಲಿದ್ದೆವು, ನಮಗೆ ಅನ್ವಯಿಸುತ್ತಿದ್ದದ್ದು ಒಂದೇ ರಾಜ್ಯದ ಕಾನೂನು. ಕೊರೊನಾ ಬಂದು ಎಲ್ಲರೂ ಮನೆಗೆ ಹೋದರು, ಬಳಿಕ ಆ ಮನೆಗಳೇ ಬೇರೆ ಬೇರೆ ಕಡೆಗೆ ಹೊರಟವು. ಒಬ್ಬರು ಮಗಳ ಹತ್ತಿರ ಕ್ಯಾಲಿಫೋರ್ನಿಯಾಕ್ಕೆ, ಇನ್ನೊಬ್ಬರು ಬಾಡಿಗೆ ಕಡಿಮೆಯೆಂದು ಪೆನ್ಸಿಲ್ವೇನಿಯಾಕ್ಕೆ, ಮತ್ತೊಬ್ಬರು ಹುಟ್ಟಿದೂರೆಂದು ಮಿಸೌರಿಗೆ. ಒಳ್ಳೆಯ ಕೆಲಸಗಾರರನ್ನು ಕಳೆದುಕೊಳ್ಳಲು ಇಷ್ಟವಿಲ್ಲದೆ ಎಲ್ಲಕ್ಕೂ ಒಪ್ಪಿದೆ. ಸಂಬಳ, ರಜೆ, ಬಿಡುವುಗಳ ವಿಷಯದಲ್ಲಿ ಕಾನೂನು ಕಂಪನಿಯ ವಿಳಾಸವನ್ನು ನೋಡುವುದಕ್ಕಿಂತ ಹೆಚ್ಚಾಗಿ ನೌಕರನ ಕುರ್ಚಿ ಇರುವ ಜಾಗವನ್ನು ನೋಡುತ್ತದೆ ಎಂಬುದು ಆಗ ನನಗೆ ಕೇಳಿ ಗೊತ್ತಿತ್ತು, ಅನುಭವಿಸಿ ಗೊತ್ತಿರಲಿಲ್ಲ. ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರ ಜುಲೈನಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ, ಪೆನ್ಸಿಲ್ವೇನಿಯಾ ಇಂದಿಗೂ ಅದನ್ನೇ ಅನುಸರಿಸುತ್ತದೆ. ಎರಡು ರಾಜ್ಯಗಳ ನಡುವಿನ ನದಿ ದಾಟಿ ಈಚೆ ಬಂದರೆ ನ್ಯೂಜೆರ್ಸಿಯಲ್ಲಿ 2025ರಲ್ಲಿ ಅದು 15.49 ಆಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅದೇ ವರ್ಷ 16.50, ಅದರ ಮೇಲೆ ಕೆಲವು ನಗರಗಳ ಇನ್ನೂ ಹೆಚ್ಚಿನ ದರ ಬೇರೆ. ವಾರಕ್ಕೆ ನಲವತ್ತು ಗಂಟೆ ದಾಟಿದರೆ ಓವರ್‌ಟೈಮ್ ಎಂಬುದು ದೇಶದ ನಿಯಮವಾದರೆ, ಕ್ಯಾಲಿಫೋರ್ನಿಯಾ ದಿನಕ್ಕೆ ಎಂಟು ಗಂಟೆ ದಾಟಿದ ಕೂಡಲೇ ಒಂದೂವರೆ ಪಟ್ಟು, ಹನ್ನೆರಡು ದಾಟಿದರೆ ಎರಡು ಪಟ್ಟು ಕೇಳುತ್ತದೆ.

ಇಷ್ಟೊಂದು ಬಗೆ ಯಾಕೆ ಬೇಕು, ದೇಶಕ್ಕೆಲ್ಲ ಒಂದೇ ಕಾನೂನು ಮಾಡಬಾರದೇ ಎಂದು ನಾನೂ ಕೇಳಿಕೊಂಡವನೇ. ಹಿಂದಕ್ಕೆ ಹೋಗಿ ಓದಿದಾಗ ಆ ಪ್ರಶ್ನೆಯ ಮೊನೆ ಸ್ವಲ್ಪ ಮೊಂಡಾಯಿತು. ಈ ದೇಶದಲ್ಲಿ ದುಡಿಯುವವರಿಗೆ ಸಿಕ್ಕ ರಕ್ಷಣೆಗಳಲ್ಲಿ ಬಹಳಷ್ಟು ಮೊದಲು ಸಿಕ್ಕಿದ್ದು ರಾಜ್ಯಗಳಲ್ಲೇ. ಕನಿಷ್ಠ ಕೂಲಿಯ ಮೊದಲ ಕಾನೂನು 1912ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆಯಿತು, ಕೇಂದ್ರದ ಕಾನೂನು ಬಂದದ್ದು 1938ರಲ್ಲಿ. 1911ರ ಮಾರ್ಚ್ 25ರಂದು ನ್ಯೂಯಾರ್ಕ್‌ನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯ ಬೆಂಕಿಯಲ್ಲಿ 146 ಜನ ಸತ್ತ ಮೇಲೆ ಆ ರಾಜ್ಯ ಕಾರ್ಖಾನೆಗಳ ಸುರಕ್ಷತೆಗೆ ಸಾಲುಸಾಲು ಕಾನೂನುಗಳನ್ನು ತಂದಿತು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಎಲ್ಸಿ ಪ್ಯಾರಿಷ್ ಎಂಬ ಹೆಂಗಸಿನ ಪ್ರಕರಣ. ಅವರು ವಾಷಿಂಗ್ಟನ್ ರಾಜ್ಯದ ವೆನಾಚಿ ಎಂಬ ಊರಿನ ಹೋಟೆಲೊಂದರಲ್ಲಿ ಕೋಣೆಗಳನ್ನು ಶುಚಿಗೊಳಿಸುತ್ತಿದ್ದರು. ಆ ರಾಜ್ಯದ ಕಾನೂನಿನಡಿ ಅವರ ಕೆಲಸಕ್ಕೆ ನಲವತ್ತೆಂಟು ಗಂಟೆಯ ವಾರಕ್ಕೆ 14.50 ಡಾಲರ್ ನಿಗದಿಯಾಗಿತ್ತು, ಕೈಗೆ ಬಂದದ್ದು ಅದಕ್ಕಿಂತ ಕಡಿಮೆ. ಕೊರತೆಯಾದ 216 ಡಾಲರ್ 19 ಸೆಂಟ್ ಕೊಡಿಸಿ ಎಂದು ಅವರು ಕೋರ್ಟಿಗೆ ಹೋದರು. ಇಂಥ ಕಾನೂನು ಮಾಡುವ ಅಧಿಕಾರವೇ ಸರ್ಕಾರಕ್ಕಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಹೇಳಿಬಿಟ್ಟಿದ್ದ ಕಾಲವದು. 1937ರ ಮಾರ್ಚ್ 29ರಂದು ಅದೇ ಕೋರ್ಟ್ ಐದು ನಾಲ್ಕರ ಬಹುಮತದಿಂದ ಪ್ಯಾರಿಷ್ ಪರವಾಗಿ ತೀರ್ಪಿತ್ತು, ಹಳೆಯ ತೀರ್ಪನ್ನು ತಳ್ಳಿಹಾಕಿತು. ಸೆಂಟಿನವರೆಗೆ ಎಣಿಸಿಟ್ಟ ಆ ಮೊತ್ತವನ್ನು ಓದಿದಾಗ ನನಗೆ ನೆನಪಾದದ್ದು 12:04. ಕಾನೂನಿನ ಕಲಮುಗಳ ಹಿಂದೆ ಇಂಥ ಒಂದು ಕೊರತೆಯ ಲೆಕ್ಕ ಇರುತ್ತದೆ, ಆ ಲೆಕ್ಕ ಒಬ್ಬ ಮನುಷ್ಯನದ್ದಾಗಿರುತ್ತದೆ.

ಎರಡನೆಯ ತಪ್ಪಿನ ಕಥೆಯನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯಬೇಕು. 2023ರಲ್ಲಿ ನಮ್ಮ ದೊಡ್ಡ ಗ್ರಾಹಕರಾಗಿದ್ದ ಕ್ಲಿನಿಕ್ ಒಂದು ಒಪ್ಪಂದ ಮುಗಿಸಿಕೊಂಡು ಹೋಯಿತು. ಒಬ್ಬರನ್ನು ಕೆಲಸದಿಂದ ಬಿಡಿಸದೆ ಬೇರೆ ದಾರಿಯಿರಲಿಲ್ಲ. ಅವರೊಡನೆ ಮಾತನಾಡಿ, ನ್ಯೂಜೆರ್ಸಿಯ ನಿಯಮದಂತೆ ಕೊನೆಯ ಸಂಬಳವನ್ನೂ ಉಳಿದ ರಜೆಯ ಹಣವನ್ನೂ ಮುಂದಿನ ಸಂಬಳದ ದಿನಕ್ಕೆ ಸೇರಿಸಿದೆ. ಹನ್ನೊಂದು ದಿನಗಳ ನಂತರ ಹಣ ಅವರ ಖಾತೆಗೆ ಹೋಯಿತು. ವರ್ಷದ ಕೊನೆಯ ತೆರಿಗೆ ಪತ್ರ ಕಳಿಸುವಾಗ ಅವರ ವಿಳಾಸ ಕೇಳಿದರೆ, ಅವರು ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಎಂಟು ತಿಂಗಳಿನಿಂದ ಮ್ಯಾಸಚೂಸೆಟ್ಸ್‌ನಲ್ಲಿದ್ದರು. ಜೊತೆಯ ಕೆಲಸಗಾರರಿಗೆಲ್ಲ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ನಾನು ಕೇಳಿರಲಿಲ್ಲ.

ಮ್ಯಾಸಚೂಸೆಟ್ಸ್‌ನಲ್ಲಿ ಕೆಲಸದಿಂದ ತೆಗೆದವರಿಗೆ ಗಳಿಸಿದ ಪೂರ್ತಿ ಸಂಬಳ, ಉಳಿದ ರಜೆಯ ಹಣ ಸಹಿತ, ತೆಗೆದ ದಿನವೇ ಕೈಸೇರಬೇಕು. ತಡವಾದ ಮೊತ್ತಕ್ಕೆ ಮೂರು ಪಟ್ಟು ಕೊಡಬೇಕು. ಹೇಗೂ ಕೊಟ್ಟಿದ್ದೇವಲ್ಲ, ತಡವಾಗಿದ್ದಕ್ಕೆ ಬಡ್ಡಿ ಸೇರಿಸಿದರೆ ಸಾಲದೇ ಎನ್ನುವ ವಾದಕ್ಕೆ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 2022ರಲ್ಲಿ ಬಾಗಿಲು ಮುಚ್ಚಿದೆ. ದೂರು ದಾಖಲಾಗುವ ಮುನ್ನವೇ ಕೊಟ್ಟಿದ್ದರೂ ತಡವಾದ ಸಂಬಳದ ಮೂರರಷ್ಟು ಲೆಕ್ಕವೇ ಸರಿ ಎಂದಿದೆ. ಅವರು ದೂರು ಕೊಟ್ಟಿರಲಿಲ್ಲ, ಕೊಡುವ ಯೋಚನೆಯೂ ಅವರಿಗಿರಲಿಲ್ಲ. ವಕೀಲರ ಜೊತೆ ಕೂತು ಲೆಕ್ಕ ಹಾಕಿಸಿ ಉಳಿದ ಎರಡು ಪಾಲನ್ನು ಕಳಿಸಿದೆ, ತಪ್ಪು ರಾಜ್ಯಕ್ಕೆ ಕಟ್ಟಿದ್ದ ತೆರಿಗೆಯನ್ನೂ ನಿರುದ್ಯೋಗ ವಿಮೆಯ ಕಂತನ್ನೂ ಸರಿಪಡಿಸಲು ನಾಲ್ಕು ತಿಂಗಳು ಹಿಡಿಯಿತು. ಹಣ ಹೋದದ್ದಕ್ಕಿಂತ, ಒಬ್ಬ ಮನುಷ್ಯ ಎಂಟು ತಿಂಗಳು ತಾಯಿಯ ಪಕ್ಕದಲ್ಲಿ ಕೂತು ನಮ್ಮ ಕೆಲಸ ಮಾಡಿದ್ದು ತಿಳಿಯದೆಯೇ ಅವರನ್ನು ಬಿಡಿಸಲು ಆಯ್ಕೆ ಮಾಡಿದೆನಲ್ಲ ಎಂಬುದು ಇಂದಿಗೂ ನೋಯಿಸುತ್ತದೆ.

ಅಲ್ಲಿಯವರೆಗೆ ನನ್ನ ಬಳಿ ರಾಜ್ಯಕ್ಕೊಂದರಂತೆ ಕಡತವಿತ್ತು. ಅದನ್ನು ಬಿಟ್ಟು ಒಬ್ಬೊಬ್ಬರಿಗೆ ಒಂದೊಂದು ಪುಟ ಮಾಡಿದೆ. ಆ ಪುಟದಲ್ಲಿ ಮೊದಲು ಅವರು ಕೂತಿರುವ ಊರು, ಆಮೇಲೆ ದಿನದ ಗಂಟೆಗಳು, ಸ್ವಂತ ಫೋನ್ ಮತ್ತು ಇಂಟರ್‌ನೆಟ್ ಬಳಸುತ್ತಾರೆಯೇ ಎಂಬುದು, ಏಕೆಂದರೆ ಕ್ಯಾಲಿಫೋರ್ನಿಯಾ, ಇಲಿನಾಯ್‌ನಂಥ ರಾಜ್ಯಗಳಲ್ಲಿ ಕೆಲಸಕ್ಕೆ ತಗಲುವ ಖರ್ಚನ್ನು ಕಂಪನಿಯೇ ತುಂಬಿಕೊಡಬೇಕು. ಅದರ ಕೆಳಗೆ ಆ ಊರಿಗೆ, ಆ ರಾಜ್ಯಕ್ಕೆ ಅನ್ವಯಿಸುವ ರಜೆ, ಕೂಲಿ, ಕೊನೆಯ ಸಂಬಳದ ನಿಯಮ. ಜನವರಿ 1 ಮತ್ತು ಜುಲೈ 1 ಹೆಚ್ಚಿನ ಬದಲಾವಣೆಗಳು ಜಾರಿಗೆ ಬರುವ ದಿನಗಳಾದ್ದರಿಂದ ಡಿಸೆಂಬರ್ ಮತ್ತು ಜೂನ್ ತಿಂಗಳಲ್ಲಿ ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡುತ್ತೇನೆ. ಎಲ್ಲಿದ್ದೀರಿ, ಮುಂದಿನ ಆರು ತಿಂಗಳಲ್ಲಿ ಎಲ್ಲಿಗಾದರೂ ಹೋಗುವ ವಿಚಾರವಿದೆಯೇ, ಊಟಕ್ಕೆ ಏಳಲು ಆಗುತ್ತಿದೆಯೇ, ಕಾಯಿಲೆ ಬಿದ್ದರೆ ರಜೆ ಕೇಳಲು ಸಂಕೋಚವಾಗುತ್ತದೆಯೇ ಎಂದು ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಬರುವ ಉತ್ತರಕ್ಕೆ ಮೊದಲಿನ ಮೌನವನ್ನೂ ಬರೆದಿಟ್ಟುಕೊಳ್ಳುತ್ತೇನೆ. ಸರ್ಕಾರದ ಕಾರ್ಮಿಕ ಇಲಾಖೆಗಳ ಇಮೇಲ್ ಪಟ್ಟಿಗಳು, ಪೇರೋಲ್ ಕಂಪನಿಯ ಎಚ್ಚರಿಕೆಗಳು, ವರ್ಷಕ್ಕೊಮ್ಮೆ ವಕೀಲರ ಪರಿಶೀಲನೆ, ಇವೂ ಇವೆ. ಇವುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ.

ಬದಲಾವಣೆಯ ವೇಗವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. 2024ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸಂಬಳಸಹಿತ ಅನಾರೋಗ್ಯ ರಜೆಯನ್ನು ವರ್ಷಕ್ಕೆ 24 ಗಂಟೆಯಿಂದ 40 ಗಂಟೆಗೆ ಏರಿಸಿತು. 2025ರ ಜೂನ್ 1ರಿಂದ ನ್ಯೂಜೆರ್ಸಿಯಲ್ಲಿ ಹತ್ತು ಅಥವಾ ಹೆಚ್ಚು ನೌಕರರಿರುವವರು ಕೆಲಸದ ಜಾಹೀರಾತಿನಲ್ಲೇ ಸಂಬಳವನ್ನೋ ಅದರ ಕನಿಷ್ಠ-ಗರಿಷ್ಠ ಮಿತಿಯನ್ನೋ ಬರೆಯಬೇಕಾಯಿತು. ಕೊಲರಾಡೊ 2021ರಲ್ಲಿ ಇಂಥ ಕಾನೂನು ಜಾರಿಗೆ ತಂದಾಗ, ಕೆಲವು ಕಂಪನಿಗಳು ಸಂಬಳ ಬರೆಯುವುದನ್ನು ತಪ್ಪಿಸಿಕೊಳ್ಳಲು ಮನೆಯಿಂದ ಮಾಡುವ ಕೆಲಸಗಳಿಗೆ ಕೊಲರಾಡೊದವರು ಅರ್ಜಿ ಹಾಕುವಂತಿಲ್ಲ ಎಂದು ಜಾಹೀರಾತು ಕೊಟ್ಟವು. ನಮಗೂ ಸಲಹೆಗಾರರೊಬ್ಬರು ಕಷ್ಟದ ರಾಜ್ಯಗಳವರನ್ನು ತೆಗೆದುಕೊಳ್ಳಬೇಡಿ ಎಂದಿದ್ದರು. ಜನರಿಗೆ ಹೆಚ್ಚು ರಕ್ಷಣೆ ಕೊಡುವ ರಾಜ್ಯದಲ್ಲಿ ಹುಟ್ಟಿದ ತಪ್ಪಿಗೆ ಅವರಿಗೆ ಕೆಲಸ ನಿರಾಕರಿಸುವುದು ನನಗೆ ಸಮ್ಮತವಾಗಲಿಲ್ಲ.

ಮುಂದಕ್ಕೆ ಹೋದ ಕಾನೂನು ಹಿಂದಕ್ಕೆ ಬರುವುದೂ ಉಂಟು, ಅದು ಇನ್ನೂ ಕಠಿಣ ಪರೀಕ್ಷೆ. ನೌಕರನಿಗೆ ಓವರ್‌ಟೈಮ್ ಹಣ ಕೊಡದಿರಬೇಕಾದರೆ ಅವನಿಗಿರಬೇಕಾದ ಕನಿಷ್ಠ ವಾರ್ಷಿಕ ಸಂಬಳವನ್ನು ಕೇಂದ್ರ ಕಾರ್ಮಿಕ ಇಲಾಖೆ 2024ರ ಜುಲೈ 1ರಿಂದ 35,568 ಡಾಲರ್‌ನಿಂದ 43,888ಕ್ಕೆ ಏರಿಸಿತು. ನವೆಂಬರ್ 15ರಂದು ಟೆಕ್ಸಸ್‌ನ ನ್ಯಾಯಾಲಯವೊಂದು ಆ ನಿಯಮವನ್ನೇ ರದ್ದು ಮಾಡಿ ಹಳೆಯ ಮಿತಿಗೆ ಮರಳಿಸಿತು. ಮಿಸೌರಿಯ ಕಥೆ ಇದಕ್ಕಿಂತ ಹತ್ತಿರದ್ದು. ಅಲ್ಲಿನ ಮತದಾರರು 2024ರ ನವೆಂಬರ್‌ನಲ್ಲಿ ಮತ ಹಾಕಿ ಸಂಬಳಸಹಿತ ಅನಾರೋಗ್ಯ ರಜೆಯನ್ನು ತಂದುಕೊಂಡರು. 2025ರ ಮೇ 1ರಿಂದ ರಜೆ ಜಮೆಯಾಗತೊಡಗಿತು. ಅಷ್ಟರಲ್ಲೇ ಶಾಸಕಾಂಗ ಅದನ್ನು ರದ್ದುಪಡಿಸುವ ಮಸೂದೆಗೆ ಒಪ್ಪಿಗೆ ಕೊಟ್ಟು, ಆಗಸ್ಟ್ 28ಕ್ಕೆ ಅದು ಇಲ್ಲವಾಯಿತು. ನಾಲ್ಕು ತಿಂಗಳೂ ಬಾಳದ ಕಾನೂನು. ನಮ್ಮ ಮಿಸೌರಿಯ ಸಹೋದ್ಯೋಗಿ ಆ ಅವಧಿಯಲ್ಲಿ ಎರಡು ದಿನ ರಜೆ ಹಾಕಿದ್ದರು, ಮಗುವಿಗೆ ಕಿವಿ ನೋವು. ಆಗಸ್ಟ್ 29ರ ಬೆಳಿಗ್ಗೆ ಆ ಮಗುವಿನ ಕಿವಿ ನೋವಿಗೆ ಬೇರೆ ನಿಯಮ ಎಂದು ನಾನು ಹೇಗೆ ಹೇಳಲಿ? ಮೂವತ್ತು ಗಂಟೆ ದುಡಿದರೆ ಒಂದು ಗಂಟೆ, ವರ್ಷಕ್ಕೆ 40 ಗಂಟೆಯವರೆಗೆ ಎಂಬ ನ್ಯೂಜೆರ್ಸಿಯ 2018ರ ನಿಯಮವನ್ನೇ ಎಲ್ಲರಿಗೂ ಅನ್ವಯಿಸಿಬಿಟ್ಟೆವು. ಪೆನ್ಸಿಲ್ವೇನಿಯಾದವರಿಗೂ ಅದೇ. ಇದರಿಂದ ವರ್ಷಕ್ಕೆ ಒಂದಷ್ಟು ಖರ್ಚು ಹೆಚ್ಚಾಯಿತು, ಲೆಕ್ಕ ಇಡುವ ಕೆಲಸ ಅಷ್ಟೇ ಕಡಿಮೆಯಾಯಿತು.

ಎಲ್ಲ ಭಾರವೂ ನ್ಯಾಯವಾದದ್ದು ಎಂದು ಮಾತ್ರ ನಾನು ಒಪ್ಪುವುದಿಲ್ಲ. ಒಂದು ಕಾನೂನು ಹತ್ತು ನೌಕರರಿಂದ, ಇನ್ನೊಂದು ಇಪ್ಪತ್ತೈದರಿಂದ, ಮತ್ತೊಂದು ಐವತ್ತರಿಂದ ಶುರುವಾಗುತ್ತದೆ. ಎಣಿಕೆಗೆ ರಾಜ್ಯದೊಳಗಿನವರು ಮಾತ್ರವೋ ಎಲ್ಲರೂ ಸೇರುತ್ತಾರೋ ಎಂಬುದೂ ಕಾನೂನಿನಿಂದ ಕಾನೂನಿಗೆ ಬೇರೆ. ಕಾನೂನು ಜಾರಿಗೆ ಬಂದ ಮೇಲೆ ಅದರ ವಿವರವಾದ ನಿಯಮಾವಳಿ ಹೊರಬರುವುದು ನನಗೆ ಅತ್ಯಂತ ಬೇಸರದ ಸಂಗತಿ. ದೊಡ್ಡ ಕಂಪನಿಗಳಿಗೆ ಇದನ್ನು ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದೆ, ನಮ್ಮಂಥವರು ರಾತ್ರಿ ಊಟವಾದ ಮೇಲೆ ಕೂತು ಓದುತ್ತೇವೆ. ಮಾಡಿದ ಕಾನೂನನ್ನು ಜಾರಿಗೆ ಆರು ತಿಂಗಳು ಮೊದಲು, ಸರಳ ಭಾಷೆಯಲ್ಲಿ, ಲೆಕ್ಕದ ಒಂದು ಮಾದರಿಯೊಡನೆ ಪ್ರಕಟಿಸುವುದು ಸರ್ಕಾರಕ್ಕೆ ಕಷ್ಟದ ಕೆಲಸವೇನಲ್ಲ. ಅರ್ಥವಾಗದ ಕಾನೂನು ನೌಕರನನ್ನೂ ಕಾಯುವುದಿಲ್ಲ. ಫ್ಯಾಕ್ಟರಿಯ ಗೋಡೆಗೆ ಹಚ್ಚಬೇಕಾದ ಹಕ್ಕುಗಳ ಭಿತ್ತಿಪತ್ರವನ್ನು ಮನೆಯಲ್ಲಿ ಕೂತವರಿಗೆ ಇಮೇಲ್ ಮಾಡಿದರೆ ಎಷ್ಟು ಜನ ತೆರೆದು ಓದುತ್ತಾರೆ? ಹಾಗಾಗಿ ಫೋನಿನಲ್ಲಿ ಆ ಹಕ್ಕುಗಳನ್ನು ನಾನೇ ಓದಿ ಹೇಳುತ್ತೇನೆ. ಮೊದಮೊದಲು ಇಬ್ಬರಿಗೂ ಮುಜುಗರವಾಗುತ್ತಿತ್ತು.

2025ರ ಡಿಸೆಂಬರಿನ ಕರೆಗಳು ನಡೆಯುತ್ತಿವೆ. 2026ರ ಜನವರಿಯಿಂದ ನ್ಯೂಜೆರ್ಸಿಯ ಕನಿಷ್ಠ ಕೂಲಿ 15.92, ಕ್ಯಾಲಿಫೋರ್ನಿಯಾದ್ದು 16.90. ನಿನ್ನೆ ಕ್ಯಾಲಿಫೋರ್ನಿಯಾದವರೊಡನೆ ಮಾತಾಡಿದೆ. ಹನ್ನೊಂದೂಮುಕ್ಕಾಲಿಗೆ ಲೈನ್ ಒಪ್ಪಿಸುವುದು ಈಗ ರೂಢಿಯಾಗಿದೆ, ಊಟದ ಹೊತ್ತಿಗೆ ಮೊಮ್ಮಗಳು ಶಾಲೆಯಿಂದ ಬಂದಿರುವ ದಿನ ಜೊತೆಗೆ ಕೂರುತ್ತಾಳೆ ಎಂದರು. ಇಂದು ಪೆನ್ಸಿಲ್ವೇನಿಯಾದವರ ಸರದಿ. ಊಟ, ರಜೆ, ಫೋನ್ ಬಿಲ್ ಎಲ್ಲ ಕೇಳಿ ಮುಗಿಸುವಷ್ಟರಲ್ಲಿ ಅವರು, "ಇನ್ನೂ ಗಟ್ಟಿಯಾಗಿಲ್ಲ, ಹೆಂಡತಿಗೆ ಡೆಲವೇರ್‌ನಲ್ಲಿ ಕೆಲಸ ಸಿಗಬಹುದು, ಸಿಕ್ಕರೆ ಮಾರ್ಚ್‌ನಲ್ಲಿ ಹೋಗುತ್ತೇವೆ" ಎಂದರು. ಅವರ ಪುಟದ ಮೇಲ್ಭಾಗದಲ್ಲಿ, ಊರಿನ ಹೆಸರಿನ ಪಕ್ಕ, ಪೆನ್ಸಿಲಿನಲ್ಲಿ ಡೆಲವೇರ್ ಎಂದು ಬರೆದು, ಫೆಬ್ರುವರಿಯಲ್ಲಿ ಮತ್ತೆ ಫೋನ್ ಮಾಡುತ್ತೇನೆಂದು ಹೇಳಿದೆ.